ಹೊಟ್ಟೆ ತುಂಬದ ಕೌದಿ

ಸತ್ತವರ ದನಿ ಕೇಳಿತು, ಖಾಲಿ ಮನೆಯಲ್ಲಿ ಯಾರೋ ನಡೆದರು ಎಂದು ಯಾರಾದರೂ ಶುರುಮಾಡಿದರೆ ಚಹಾದ ನೆಪ ಹೇಳಿ ಎದ್ದು ಹೋಗುವವರ ಪೈಕಿ ನಾನು. ಈಗಲೂ ಅಂಥ ಕಥೆಗಳನ್ನು ನಂಬುತ್ತೇನೆ ಎಂದು ಹೇಳಲಾರೆ. ಆದರೆ ಮೊದಲಿನ ಹಾಗೆ ನಗುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂಬುದನ್ನು ನಡೆದದ್ದು ನಡೆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆಗ ನನಗೆ ಗಿಟಾರಿನ ಹುಚ್ಚು ಹೊಸದು. ಸುರಪುರಕ್ಕೆ ಹೊಂದಿಕೊಂಡ ರಂಗಂಪೇಟೆಯಲ್ಲಿ ನಮ್ಮ ಮನೆ. ಯಾದಗಿರಿಯ ಗೆಳೆಯನೊಬ್ಬ ಬೇಸರವಾಗಿ ಮೂಲೆಗಿಟ್ಟಿದ್ದ ಹಳೇ ಗಿಟಾರನ್ನು ತಂದು, ಫೋನಿನಲ್ಲಿ ವಿಡಿಯೋ ನೋಡುತ್ತ ಕಲಿಯುತ್ತಿದ್ದೆ. ಓಣಿಯವರು ಬಾಗಿಲಲ್ಲಿ ಇಣುಕಿ, "ಇದು ಭಜನಿಗಿ ಬರ್ತದೇನ್ರಿ ಮಾಸ್ತರ್?" ಎಂದು ಕೇಳಿ ಹೋಗುತ್ತಿದ್ದರು. ಸ್ವಲ್ಪ ಕೈ ಕೂಡಿದ ಮೇಲೆ ನುಡಿಸಿದ್ದನ್ನು ರೆಕಾರ್ಡ್ ಮಾಡುವ ಆಸೆ ಹುಟ್ಟಿತು. ಸ್ಟುಡಿಯೋ ಎಲ್ಲಿಂದ ತರುವುದು? ಅಂಗಿಗೆ ಸಿಕ್ಕಿಸುವ ಅಗ್ಗದ ಮೈಕನ್ನು ಒಂದು ಸೌಟಿನ ಹಿಡಿಗೆ ಟೇಪಿನಿಂದ ಸುತ್ತಿ, ಸೌಟನ್ನು ಜೋಳ ತುಂಬಿದ ಡಬ್ಬಿಯಲ್ಲಿ ನೆಟ್ಟರೆ ಅದೇ ನನ್ನ ಸ್ಟ್ಯಾಂಡು.

ಕಷ್ಟವಿದ್ದದ್ದು ಕೋಣೆಯದ್ದು. ಬರೀ ಗೋಡೆ, ಮೇಲೆ ತಗಡು. ಒಂದು ತಂತಿ ಮೀಟಿದರೆ ಬಾವಿಯಲ್ಲಿ ಕೂಗಿದ ಹಾಗೆ ಸದ್ದು ತಿರುಗಿ ಬರುತ್ತಿತ್ತು. ದಪ್ಪ ಬಟ್ಟೆ ತೂಗುಹಾಕಿದರೆ ಗದ್ದಲ ಇಂಗುತ್ತದೆ ಎಂದು ವಿಡಿಯೋದವರು ಹೇಳಿದ್ದರು. ನಮ್ಮ ಕಡೆಯ ಮನೆಗಳಲ್ಲಿ ದಪ್ಪ ಬಟ್ಟೆಗೆ ಬರವೇ? ಹಳೇ ಸೀರೆ, ಧೋತರ, ಅಂಗಿಗಳನ್ನೆಲ್ಲ ತುಂಡು ತುಂಡಾಗಿ ಕೂಡಿಸಿ ಹೊಲಿದ ಕೌದಿಗಳು ಅಟ್ಟದ ತುಂಬ ಇದ್ದವು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನಾನು ಹಾಸಿಗೆಯನ್ನೇ ಗೋಡೆಗೇರಿಸಿದೆ. ಗಾಳಿಯ ಸದ್ದು ಬೇಡವೆಂದು ಫ್ಯಾನು ಬಂದ್ ಮಾಡಿ, ಸುರಪುರದ ಬೇಸಿಗೆಯಲ್ಲಿ, ಕೌದಿಗಳ ನಡುವೆ ಬೆವರುತ್ತ ಕೂತ ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಜೀವ ಹಗುರಾಗುತ್ತದೆ. ಹಳೇ ಹತ್ತಿಬಟ್ಟೆಯ ವಾಸನೆ, ಬೆರಳ ತುದಿಯ ಉರಿ, ಹೊರಗೆ ಅವ್ವನ ರೊಟ್ಟಿ ಬಡಿಯುವ ಸದ್ದು ನಿಲ್ಲಲಿ ಎಂದು ಕಾಯುವುದು.

ಆ ಹೊತ್ತಿಗೆ ಶಹಾಪುರದಲ್ಲಿದ್ದ ಶರಣಕ್ಕ ಹೆತ್ತಳು. ಶರಣಕ್ಕ ನನ್ನ ದೊಡ್ಡವ್ವನ ಮಗಳು. ಗಂಡ ತೀರಿದ ಮೇಲೆ ಮಗಳನ್ನು ಕರೆದುಕೊಂಡು ನಮ್ಮ ಮನೆಗೇ ಬಂದ ದೊಡ್ಡವ್ವ, ನನ್ನನ್ನೂ ಅವಳನ್ನೂ ಒಂದೇ ಜೋಗುಳ ಹಾಡಿ ಮಲಗಿಸಿದವಳು. ಮೊಮ್ಮಗುವನ್ನು ನೋಡುವ ಮೊದಲೇ ತೀರಿಕೊಂಡಿದ್ದಳು. ಕೂಸಿನ ತೊಟ್ಟಿಲಿಗೆ ತನ್ನ ಅವ್ವನ ಜೋಗುಳವೇ ಆಗಬೇಕೆಂದು ಶರಣಕ್ಕ ಫೋನಿನಲ್ಲಿ ಅತ್ತಳು. ದೊಡ್ಡವ್ವನ ದನಿ ಯಾರ ಫೋನಿನಲ್ಲೂ ಇರಲಿಲ್ಲ. ತನ್ನಕ್ಕ ದೊಡ್ಡವ್ವ ಹೋದಾಗಿನಿಂದ ನನ್ನ ಅವ್ವ ಒಂದು ಸಾಲೂ ಹಾಡಿರಲಿಲ್ಲ, ಬಾಯಿ ತೆರೆದರೆ ಅಳು ಬರುತ್ತಿತ್ತು. ಕೊನೆಗೆ ಧಾಟಿಯನ್ನು ನಾನು ಗಿಟಾರಿನಲ್ಲಿ ನುಡಿಸಿ ರೆಕಾರ್ಡ್ ಮಾಡಿಕೊಡುವುದೆಂದು ಠರಾವಾಯಿತು.

ಆದರೆ ಧಾಟಿ ಪೂರ್ತಿ ಗೊತ್ತಿರಬೇಕಲ್ಲ. ಕೊನೆಯ ಸಾಲಿನಲ್ಲಿ ದೊಡ್ಡವ್ವ ಎಲ್ಲೋ ಒಂದು ಕಡೆ ದನಿ ತಿರುಗಿಸುತ್ತಿದ್ದಳು, ಅಲ್ಲಿಗೆ ನಮಗೆ ನಿದ್ದೆ ಹತ್ತುತ್ತಿತ್ತು. ಅದಕ್ಕೇ ಇರಬೇಕು, ಆ ತಿರುವು ನನಗೂ ನೆನಪಿರಲಿಲ್ಲ, ಶರಣಕ್ಕನಿಗೂ ಇರಲಿಲ್ಲ. ಹಾಡಲಾರದ ಅವ್ವ ಫೋನಿನಲ್ಲಿ ಒಂದೊಂದು ಸಲ ಒಂದೊಂದು ಥರ ಗುನುಗಿ ತೋರಿಸಿದಳು. "ಅದಲ್ಲ ಸಣ್ಣವ್ವ, ಅದಲ್ಲ" ಎಂದು ಶರಣಕ್ಕ ಪ್ರತಿ ಸಲ ಅತ್ತಳು.

ಅಂದು ಅವ್ವ ಸಂತೆಗೆ ಹೋಗಿದ್ದಳು. ಬಾಗಿಲ ಸಂದಿಯಿಂದ ಸದ್ದು ಬರುತ್ತಿದ್ದುದರಿಂದ ಇನ್ನೊಂದು ಕೌದಿ ಬೇಕಾಯಿತು. ಟ್ರಂಕಿನ ತಳದಲ್ಲಿ ಹೊಸದೊಂದು ಸಿಕ್ಕಿತು. ಹುಟ್ಟಲಿರುವ ಮೊಮ್ಮಗುವಿಗೆಂದು ದೊಡ್ಡವ್ವ ಹೊಲಿಯುತ್ತಿದ್ದ ಕೌದಿ ಅದು, ಒಂದು ಮೂಲೆಯಷ್ಟೇ ಹೊಲಿಗೆ ಬಾಕಿ. ಮುಗಿಸಲು ಅವ್ವನಿಗೆ ಕೈ ಬಂದಿರಲಿಲ್ಲ. ನಾನು ಅದನ್ನು ಬಾಗಿಲಿಗೆ ತೂಗುಹಾಕಿ, ಕೊನೆಯ ಸಾಲನ್ನು ನನಗೆ ತೋಚಿದ ಹಾಗೆ ಕೆಳಕ್ಕಿಳಿಸಿ ನುಡಿಸಿ, ರೆಕಾರ್ಡ್ ಮಾಡಿದೆ.

ಇಯರ್‌ಫೋನ್ ಹಾಕಿ ಕೇಳಿದಾಗ ಗಿಟಾರಿನ ಅಡಿಯಲ್ಲಿ ಇನ್ನೊಂದು ಸದ್ದಿತ್ತು. ಹೆಂಗಸೊಬ್ಬಳು ಬಾಯಿ ಮುಚ್ಚಿ ಗುನುಗುವ ದನಿ. ಹಲ್ಲಲ್ಲಿ ದಾರ ಕಚ್ಚಿಕೊಂಡು ಗುನುಗಿದರೆ ಹೇಗೋ ಹಾಗೆ. ಮೊದಲ ಸಾಲುಗಳಲ್ಲಿ ನನ್ನ ಜೊತೆಗೇ ಬಂತು. ಕೊನೆಯ ಸಾಲಿನಲ್ಲಿ ನಾನು ಕೆಳಗಿಳಿದೆ, ಅದು ಮೇಲೆ ಹೋಯಿತು. ಮೇಲೆ ಹೋಗಿ, ತುಸು ನಿಂತು, ಮೆಲ್ಲಗೆ ತಿರುಗಿ ಬಂತು. ಇಯರ್‌ಫೋನ್ ಕಿತ್ತು ಮೇಲೆದ್ದೆ. ಹೊರಗೆ ಹೋಗಿ ನೋಡಿದೆ. ಕೋಣೆಯ ಹಿಂದೆ ಬರೀ ಜಾಲಿಗಿಡದ ಬಯಲು, ಬಿಸಿಲು. ಓಣಿಯಲ್ಲಿ ಒಂದು ನಾಯಿಯೂ ಎದ್ದಿರಲಿಲ್ಲ. ಆ ಕೌದಿ ತೆಗೆದು ಮತ್ತೊಮ್ಮೆ ನುಡಿಸಿದೆ, ಬರೀ ಗಿಟಾರು ಬಂತು. ಮತ್ತೆ ತೂಗುಹಾಕಿ ನುಡಿಸಿದೆ, ಗುನುಗು ಬಂತು.

ಸಂತೆಯಿಂದ ಬಂದ ಅವ್ವ ಕೈಚೀಲವನ್ನೂ ಕೆಳಗಿಡದೆ ಕೇಳಿದಳು. ಕೇಳುತ್ತ ಕೇಳುತ್ತ ಬಾಗಿಲ ಕಡೆ ತಿರುಗಿ ಕೌದಿ ನೋಡಿದಳು. ಅಳುತ್ತಾಳೆ ಅಂದುಕೊಂಡೆ, ಬೈದಳು.

"ಇದರ ಹೊಟ್ಟಿ ತುಂಬಿಸಿಲ್ಲೋ ಯಪ್ಪಾ! ಹಸದಾಕಿ ಕಡಿಂದ ಯಾರಾರ ಹಾಡಸ್ತಾರೇನು?"

ನಮ್ಮ ಮನೆಯಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಹೋಳಿಗೆಯ ಚೂರೊಂದನ್ನಿಟ್ಟು ಹೊಲಿಯುತ್ತಾರೆ. ಅದಕ್ಕೆ ಹೊಟ್ಟೆ ತುಂಬಿಸುವುದು ಅನ್ನುತ್ತಾರೆ. ಹಸಿದ ಕೌದಿಯನ್ನು ಹಾಸಬಾರದು, ಹೊದೆಯಬಾರದು. ಬಾಗಿಲಿಗೆ ತೂಗುಹಾಕಬಾರದೆಂದು ಯಾರೂ ಹೇಳಿರಲಿಲ್ಲ, ಹಾಗೆ ಮಾಡುವ ಬುದ್ಧಿವಂತ ಅಲ್ಲಿಯವರೆಗೆ ನಮ್ಮ ವಂಶದಲ್ಲಿ ಹುಟ್ಟಿರಲಿಲ್ಲ. ಅವ್ವ ಅಂದೇ ಬೇಳೆ ಬೇಯಿಸಿ ಹೂರಣ ಅರೆದಳು. ಇನ್ನೊಂದು ಸಲ ರೆಕಾರ್ಡ್ ಮಾಡಿಕೊಳ್ಳೋಣ, ಆಮೇಲೆ ಹೊಲಿ ಎಂದು ನಾನು ಗೋಗರೆದೆ. ಕೇಳಲಿಲ್ಲ. ಬಿಸಿ ಹೋಳಿಗೆಯ ಚೂರಿಗೆ ತುಪ್ಪ ಹಚ್ಚಿ, ಮೂಲೆಯೊಳಗಿಟ್ಟು, "ಉಣ್ಣಕ್ಕಾ" ಎಂದು ಹೊಲಿಯತೊಡಗಿದಳು. ಹೊಲಿಯುತ್ತ ಹಾಡಿದಳು. ಎಷ್ಟೋ ದಿನದ ಮೇಲೆ ಅವ್ವ ಹಾಡಿದ್ದು ಅದೇ ಮೊದಲು. ಕೊನೆಯ ಸಾಲು ಮೇಲೆ ಹೋಗಿ, ತುಸು ನಿಂತು, ತಿರುಗಿ ಬಂತು.

ಸಂಜೆ ಆ ರೆಕಾರ್ಡಿಂಗುಗಳನ್ನು ಮತ್ತೆ ಹಾಕಿದೆ. ಗುನುಗು ಇರಲಿಲ್ಲ. ನನ್ನ ಗಿಟಾರು ಒಂದೇ ಇತ್ತು, ತಪ್ಪು ತಿರುವಿನ ಸಮೇತ. ಫೋನನ್ನು ಬೇರೆ ಯಾರೂ ಮುಟ್ಟಿರಲಿಲ್ಲ. ಸದ್ದು ಎಷ್ಟು ಏರಿಸಿ ಕೇಳಿದರೂ ಏನೂ ಇಲ್ಲ. ಆಗ ನನಗಾದ ಸಂಕಟ ಸಣ್ಣದಲ್ಲ. ದೊಡ್ಡವ್ವ ಎರಡನೇ ಸಲ ಹೋದಳು ಅನಿಸಿತು.

ಸರಿಯಾದ ತಿರುವಿನೊಂದಿಗೆ ಹೊಸದಾಗಿ ರೆಕಾರ್ಡ್ ಮಾಡಿಕೊಂಡು ಶಹಾಪುರಕ್ಕೆ ಹೋದೆವು. ತೊಟ್ಟಿಲಿನ ದಿನ ಸಣ್ಣ ಸ್ಪೀಕರಿನಲ್ಲಿ ಗಿಟಾರು ಹಚ್ಚಿದೆ, ಅವ್ವ ಅದರ ಮೇಲೆ ಹಾಡಿದಳು. ಕೊನೆಯ ಸಾಲು ಬಂದಾಗ ಶರಣಕ್ಕ ತೊಟ್ಟಿಲ ಹಗ್ಗ ಬಿಟ್ಟು ಎದ್ದು ನಿಂತಳು.

"ಇದೇ ಸಣ್ಣವ್ವ, ಇದೇ! ನಿನಗ ಯಾರು ನೆನಪ ಮಾಡಿಕೊಟ್ರು?"

ಅವ್ವ ನನ್ನ ಮುಖ ನೋಡಿದಳು. "ಮೊದಲ ಆ ಕೂಸಿಗಿ ಕೌದಿ ಹೊಚ್ಚು, ಗಾಳಿ ಬೀಸಾಕತ್ತದ" ಎಂದಳು.

ಅವ್ವನಿಗೆ ಆ ತಿರುವು ಒಳಗೆಲ್ಲೋ ಗೊತ್ತೇ ಇದ್ದಿರಬಹುದು ಎಂದು ಗೆಳೆಯರು ಹೇಳುತ್ತಾರೆ. ಇರಬಹುದು. ಆದರೆ ಅವ್ವ ಸಂತೆಯಲ್ಲಿದ್ದಾಗಲೇ ಅದನ್ನು ನಾನು ಕೇಳಿದ್ದೆನಲ್ಲ? ಅಗ್ಗದ ಮೈಕು ಏನೇನೋ ಸದ್ದು ಹಿಡಿಯುತ್ತದೆ ಎಂದೂ ಹೇಳುತ್ತಾರೆ. ಹಿಡಿದದ್ದನ್ನು ಸಂಜೆಯೊಳಗೆ ತಾನೇ ಬಿಟ್ಟುಬಿಡುತ್ತದೆಯೇ?

ಆ ಕೂಸು ಈಗ ಶಾಲೆಗೆ ಹೋಗುವ ಹುಡುಗಿ. ಕೌದಿಯ ಬಣ್ಣ ಮಾಸಿದೆ. ಹೋದ ಸಲ ಶಹಾಪುರಕ್ಕೆ ಹೋದಾಗ ಎಲ್ಲರೂ ಊಟಕ್ಕೆ ಕೂತ ಹೊತ್ತಿನಲ್ಲಿ, ಯಾರಿಗೂ ಹೇಳದೆ, ಆ ಕೌದಿಯ ಪಕ್ಕ ಫೋನಿಟ್ಟು ರೆಕಾರ್ಡ್ ಒತ್ತಿ ಜೋಗುಳ ಗುನುಗಿದೆ. ಕೇಳಿದರೆ ನನ್ನದೇ ದನಿ. ಹೆದರಿಕೆಯೇನೂ ಆಗಲಿಲ್ಲ, ಬೇಸರವಾಯಿತು. ಅವ್ವ ಒಂದೇ ಒಂದು ದಿನ ತಡೆದು ಹೊಲಿದಿದ್ದರೆ ಎಂದು ಈಗಲೂ ಅನಿಸುತ್ತದೆ. ಒಮ್ಮೆ ಅವಳಿಗೆ ಹಾಗೆ ಅಂದೇಬಿಟ್ಟೆ. ಅವ್ವ ಕೇಳಿದಳು, "ಹಸದ ಹೊಟ್ಟೀಲಿ ಆಕಿ ಎಷ್ಟ ದಿನ ಕಾಯಬೇಕಿತ್ತೋ?"