ಕೂತವರಿಗೆ ಜಾಗ

ತಾನು ಕೂತೇ ಹೋಗುವುದು ಎಂದು ಅಜ್ಜಿ ಹೇಳಿದ್ದು 2001ರ ಫೆಬ್ರವರಿ ಹನ್ನೊಂದು, ಭಾನುವಾರ. ಆ ದಿನದ ನನ್ನ ದಿನಚರಿಯಲ್ಲಿ ಅದಕ್ಕಿಂತ ಮೇಲಿನ ಸಾಲು: "ಎಂಟಕ್ಕೆ ಮಾತ್ರೆ. ಉಪ್ಪಿಟ್ಟು ಮೂರು ಚಮಚ." ಕೆಳಗಿನ ಸಾಲು: "ಅಪ್ಪ ಬಟ್ಟಲು ತೊಳೆಯಲು ಹೋದರು."

ಲಿಂಗಾಯತರಾದ ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಪದ್ಮಾಸನ ಹಾಕಿ ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ, ಉಪ್ಪು ಸುರಿದು ಮಣ್ಣು ಮಾಡುತ್ತಾರೆ. ಗದಗಿನ ಹತ್ತಿರ ನಮ್ಮ ಹೊಲದ ಬದುವಿನಲ್ಲಿ ಅಜ್ಜ ಹಾಗೆ ಕೂತು ಆಗಲೇ ಇಪ್ಪತ್ತು ವರ್ಷವಾಗಿತ್ತು. ಅಜ್ಜಿ ಕೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ. ನಾವು ಅಮೆರಿಕದ ಕ್ಯಾಂಪ್‌ಬೆಲ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೆವು ಎನ್ನುವುದಷ್ಟೇ ತೊಂದರೆ.

ಅಜ್ಜಿಯ ಮೇದೋಜೀರಕದಲ್ಲಿ ಗಡ್ಡೆ ಇದೆ ಎಂದು ಗೊತ್ತಾದದ್ದು ಡಿಸೆಂಬರಿನಲ್ಲಿ. ಬೇಸಿಗೆ ಕಾಣುವುದು ಕಷ್ಟ ಎಂದು ಡಾಕ್ಟರು ಅಪ್ಪನಿಗೆ ಹೇಳಿದರು. ಅಪ್ಪ ಅದನ್ನು ಅಜ್ಜಿಗೆ ಹೇಗೆ ಹೇಳುವುದೆಂದು ಒಂದು ವಾರ ಯೋಚಿಸಿದರು. ಅಷ್ಟರಲ್ಲಿ ಅಜ್ಜಿಯೇ, ಯುಗಾದಿಗೆ ನನಗೆ ಸೀರೆ ತರಬೇಡಿ ಎಂದು ಅಮ್ಮನಿಗೆ ಹೇಳಿಬಿಟ್ಟಿದ್ದರು.

ಜನವರಿಯಲ್ಲಿ ಅಪ್ಪನ ಕಂಪನಿ ಮುಚ್ಚಿತು. ಸ್ಯಾನ್ ಹೊಸೆಯಲ್ಲಿದ್ದ ಅದು ಇಂಟರ್ನೆಟ್ಟಿನಲ್ಲಿ ಕಿಟಕಿ ಪರದೆ ಮಾರುತ್ತಿತ್ತು. ಕೊನೆಯ ಎರಡು ವಾರದ ಸಂಬಳಕ್ಕೆ ದುಡ್ಡಿರಲಿಲ್ಲವಾದ್ದರಿಂದ, ಯಾರು ಯಾವ ಕುರ್ಚಿಯಲ್ಲಿ ಕೂರುತ್ತಿದ್ದರೋ ಅದನ್ನೇ ಮನೆಗೆ ಒಯ್ಯಬಹುದೆಂದು ಹೇಳಿದರು. ಕಂಪನಿಯ ಷೇರು ಸಿಗುತ್ತದೆಂದು ಅಪ್ಪ ಎರಡು ವರ್ಷ ಕೂಡಿಟ್ಟಿದ್ದ, ಈಗ ಬೆಲೆಯಿಲ್ಲದ ಸ್ಟಾಕ್ ಆಪ್ಷನ್ನಿನ ಕಾಗದಗಳನ್ನು ಕುರ್ಚಿಯ ಮೇಲಿಟ್ಟುಕೊಂಡು ತಳ್ಳುತ್ತ ಬಂದರು. ಕುರ್ಚಿ ಉಪಯೋಗಕ್ಕೆ ಬಂತು. ಚಕ್ರವಿತ್ತು, ಎತ್ತರ ತಗ್ಗಿಸಬಹುದಿತ್ತು, ಅಜ್ಜಿ ಅದರಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ನಾನು ಬಚ್ಚಲಿಗೂ ಕಿಟಕಿಗೂ ತಳ್ಳಿಕೊಂಡು ಹೋಗುತ್ತಿದ್ದೆ. ಕಾರ್ಪೆಟ್ ದಾಟುವಾಗ ಮಾತ್ರ ಇಬ್ಬರು ಬೇಕಾಗುತ್ತಿತ್ತು.

ಅಮ್ಮ ಮಕ್ಕಳ ಡೇಕೇರಿನಲ್ಲಿ ಕೆಲಸ ಮಾಡುತ್ತಿದ್ದರು. ನನಗೆ ಹತ್ತೊಂಬತ್ತು, ಸಂಜೆ ಕಾಲೇಜು. ಕೆಲಸ ಹೋದ ಮೇಲೆ ಹಗಲು ಅಜ್ಜಿಯನ್ನು ನೋಡಿಕೊಳ್ಳುವುದು ಅಪ್ಪನದಾಯಿತು. ಗಂಜಿ ಕಾಸುವುದನ್ನು ಅವರು ಆಗ ಕಲಿತರು. ಮೊದಲ ವಾರದ ಗಂಜಿಯ ಬಗ್ಗೆ ಅಜ್ಜಿ, ಗೋಡೆಗೆ ಕಾಗದ ಅಂಟಿಸಲು ಚೆನ್ನಾಗಿದೆ ಎಂದರು. ನಾನು ಮಾತ್ರೆ, ಊಟ, ಖರ್ಚು ಮೂರನ್ನೂ ಬರೆದಿಡುತ್ತಿದ್ದೆ. ಯಾರೂ ಹಾಗೆ ಹೇಳಿರಲಿಲ್ಲ. ಬರೆದಿಡದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಖರ್ಚಿನ ಲೆಕ್ಕ ಹೀಗಿತ್ತು. ಮನೆಗೆ ಬರುವ ನರ್ಸಿಗೆ ದುಡ್ಡು ಕೊಡಬೇಕಾಗಿಲ್ಲ, ಅವರು ಒಂದು ಸೇವಾಸಂಸ್ಥೆಯವರು. ಆಸ್ಪತ್ರೆಯವರು ಅರ್ಜಿ ಹಾಕಿಸಿಕೊಂಡು ಅರ್ಧ ಮನ್ನಾ ಮಾಡಿದರು, ಉಳಿದದ್ದು ಕಂತಿನಲ್ಲಿ. ಅಜ್ಜಿಯನ್ನು ಊರಿಗೆ ಕಳಿಸೋಣವೆಂದರೆ ಆ ಸ್ಥಿತಿಯಲ್ಲಿ ಹತ್ತಿಸಿಕೊಳ್ಳುವುದಿಲ್ಲ ಎಂದು ವಿಮಾನದವರು ಹೇಳಿದರು. ಜೀವ ಹೋದ ಮೇಲೆ ಕಳಿಸಲು ಎಲ್ಲಕ್ಕಿಂತ ಹೆಚ್ಚು ಖರ್ಚು. ಅಗ್ಗದ್ದೆಂದರೆ ಸುಡುವುದು, ಎಂಟುನೂರು ಡಾಲರು. ಅಪ್ಪನ ಜೊತೆ ಕೆಲಸ ಕಳೆದುಕೊಂಡಿದ್ದ ಬೆಂಗಳೂರಿನ ಹುಡುಗನೊಬ್ಬ ನೋಡಲು ಬಂದಾಗ, ಬೂದಿಯನ್ನು ಊರಿಗೆ ಒಯ್ಯಬಹುದಲ್ಲ ಎಂದು ಮೆಲ್ಲಗೆ ಸಲಹೆ ಕೊಟ್ಟ. ಅಜ್ಜಿಗೆ ಕೇಳಿಸಿತು.

"ಬೂದಿ ಒಯ್ದು ಏನ ಮಾಡ್ತೀಯೋ ತಮ್ಮಾ, ಪಾತ್ರಿ ತಿಕ್ಕತೀಯೇನು?"

ಹುಡುಗ ಕಾಫಿ ಮುಗಿಸದೆ ಎದ್ದ. ಅದಾದ ಮೇಲೆ ನಮ್ಮ ಮನೆಯಲ್ಲಿ ಸುಡುವ ಮಾತು ಬರಲಿಲ್ಲ.

ಅಪ್ಪ ಫೋನ್ ಕಾರ್ಡು ತಂದು ನಮ್ಮ ಮನೆತನದ ಗುರುಗಳಾದ ಗದಗಿನ ಅಯ್ಯನವರಿಗೆ ಫೋನ್ ಮಾಡಿದರು. ಪರದೇಶದಲ್ಲಿ ಅನಿವಾರ್ಯವಾದರೆ ಮಲಗಿಸಿದರೂ ದೋಷವಿಲ್ಲ, ಅಂಗೈಯಲ್ಲಿ ಲಿಂಗವಿದ್ದರೆ ಸಾಕು ಎಂದರಂತೆ ಅವರು. ಅಪ್ಪ ಸಮಾಧಾನದಿಂದ ಬಂದು ಅದನ್ನು ಒಪ್ಪಿಸಿದರು. ಕುಣಿಯಲ್ಲಿ ಇಳಿಯುವುದು ತಾನೋ ಅಯ್ಯನವರೋ ಎಂದು ಅಜ್ಜಿ ಕೇಳಿದರು. ಕುಣಿ ಎಂದರೆ ಗುಂಡಿ.

ಆಮೇಲೆ ಸ್ಮಶಾನ ಹುಡುಕುವುದು ಶುರುವಾಯಿತು. ಮೊದಲನೆಯವರು ಆಗುವುದಿಲ್ಲ ಎಂದರು. ಎರಡನೆಯವರು ಆಗಬಹುದು, ಆದರೆ ರೂಢಿಯ ಅಳತೆಯಲ್ಲವಾದ್ದರಿಂದ ಎರಡು ಜಾಗದ ಬೆಲೆ ಎಂದರು. ಒಂದಕ್ಕೆ ಮೂರು ಸಾವಿರ, ಎರಡಕ್ಕೆ ಆರು. ಅಪ್ಪ ಇದನ್ನು ಹೇಳಿದಾಗ ಅಜ್ಜಿ ಕುರ್ಚಿಯಲ್ಲಿ ನೆಟ್ಟಗಾದರು.

"ಮಲಗಿದವರಿಗಿಂತ ಕೂತವರಿಗೆ ಜಾಗಾ ಕಡಿಮಿ ಹಿಡೀತೈತಿ. ಅರ್ಧಾ ರೊಕ್ಕಾ ತಗೋರಿ ಅಂತ ಹೇಳು ಅವರಿಗೆ."

ಅಪ್ಪ ಫೋನ್ ಮಾಡಿ ನಿಜಕ್ಕೂ ಹಾಗೇ ಹೇಳಿದರು. ಅತ್ತ ಕಡೆಯವರು, ನಿಮ್ಮ ನಷ್ಟಕ್ಕೆ ನಮ್ಮ ಸಂತಾಪ ಎಂದರಂತೆ. ಇನ್ನೂ ನಷ್ಟವಾಗಿಲ್ಲ ಎಂದು ಅಪ್ಪ ತಿದ್ದಿದರು.

ಮೂರನೆಯದು ಪೂರ್ವದ ಗುಡ್ಡಗಳ ಕಡೆಯ ಹಳೆಯ ಸಣ್ಣ ಸ್ಮಶಾನ. ಅಜ್ಜಿ ತಾನೂ ಬರುತ್ತೇನೆಂದರು. ಕುರ್ಚಿಯನ್ನು ಕಾರಿನ ಹಿಂದೆ ಹಾಕಿಕೊಂಡು ಹೋದೆವು. ಮಾರ್ಚ್ ಮೂರು, ಶನಿವಾರ. ಗುಡ್ಡವೆಲ್ಲ ಹಸಿರಾಗಿತ್ತು. ನಮ್ಮ ಹೊಲದ ಕಪ್ಪು ಎರೆಮಣ್ಣಲ್ಲ, ಆದರೂ ನಡೆಯುತ್ತದೆ ಎಂದರು ಅಜ್ಜಿ. ಆಫೀಸಿನಲ್ಲಿದ್ದ ಹೆಂಗಸಿಗೆ ಕೂತು ಹೋಗುವ ವಿಷಯ ವಿಚಿತ್ರವೆನಿಸಿದಂತೆ ಕಾಣಲಿಲ್ಲ. ಕಾಗದದ ಮೇಲೆ ಪೆನ್ಸಿಲಿನಿಂದ ಚೌಕ ಪೆಟ್ಟಿಗೆಯೊಂದನ್ನು ಬರೆದು ನೋಡಿ, ಅಗಲಕ್ಕೆ ತೊಂದರೆಯಿಲ್ಲ, ತೊಂದರೆ ಆಳದ್ದು ಎಂದರು. ಮಾಮೂಲಿ ಗುಂಡಿ ಐದಡಿ. ಕೂತವರ ಪೆಟ್ಟಿಗೆ ನಾಲ್ಕಡಿ ಆಗುತ್ತದೆ. ಮೇಲೆ ಒಂದೇ ಅಡಿ ಮಣ್ಣು ಉಳಿದರೆ ಕಾನೂನು ಒಪ್ಪುವುದಿಲ್ಲ. ಜಾಗ ಎರಡು ಕೊಂಡರೂ ಆಳ ಹೆಚ್ಚುವುದಿಲ್ಲ. ಅವರು ಬೇಸರದಿಂದ ದರಪಟ್ಟಿಯ ಹಾಳೆಯೊಂದನ್ನು ಅಪ್ಪನಿಗೆ ಕೊಟ್ಟರು.

ವಾಪಸು ಬರುವಾಗ ಅಜ್ಜಿ ಕಣ್ಣು ಮುಚ್ಚಿದ್ದರು. ನನಗೆ ಅಂಕಿಯಿರುವ ಹಾಳೆ ಸಿಕ್ಕರೆ ಪೂರ್ತಿ ಓದುವ ಅಭ್ಯಾಸ. ನಾಲ್ಕನೆಯ ಸಾಲಿನಲ್ಲಿ ಗಂಡಹೆಂಡತಿಗೆಂದು ಒಂದು ದರವಿತ್ತು: ಒಂದೇ ಜಾಗ, ಒಬ್ಬರ ಮೇಲೊಬ್ಬರು, ಆಳ ಏಳಡಿ, ನಾಲ್ಕು ಸಾವಿರ. ಏಳರಲ್ಲಿ ನಾಲ್ಕು ಕಳೆದರೆ ಮೂರಡಿ ಮಣ್ಣು. ನಾನು ಇದನ್ನು ಹೇಳಿದ ಕೂಡಲೇ ಅಪ್ಪ ಫ್ರೀವೇ ಬಿಟ್ಟು ಇಳಿದು, ಪೆಟ್ರೋಲ್ ಬಂಕಿನ ಫೋನಿನಿಂದ ಸ್ಮಶಾನದ ಆಫೀಸಿಗೆ ಮಾಡಿದರು. ಆ ಹೆಂಗಸು ಗುಂಡಿ ತೋಡುವವರನ್ನು ಕೇಳಿ ಬಂದು, ಆಗುತ್ತದೆ ಎಂದರು. ಆದರೆ ಅದು ಜೋಡಿ ಜಾಗ, ಎರಡನೆಯವರ ಹೆಸರನ್ನೂ ಬರೆಸಬೇಕು. ಕೆಳಗಿನವರು ಕೂತರೆ ಮೇಲಿನವರಿಗೆ ಎಷ್ಟು ಉಳಿಯುತ್ತದೆಂದು ಅಪ್ಪ ಕೇಳಿದರು. ಅದನ್ನು ಮೇಲಿನವರು ಬಂದಾಗ ನೋಡೋಣ ಎಂದು ಆಕೆ ಹೇಳಿದರು.

ಅಪ್ಪ ತಮ್ಮ ಕಾರು ಮಾರಿದರು. ಮುಂಗಡ ಕಟ್ಟಿ, ಎರಡನೆಯ ಹೆಸರಿನ ಜಾಗದಲ್ಲಿ ತಮ್ಮ ಹೆಸರು ಬರೆದು, ಮನೆಗೆ ಬಂದು ಎಲ್ಲ ಮುಗಿಯಿತೆಂದು ಅಜ್ಜಿಗೆ ಹೇಳಿದರು. ಯಾರ ಹೆಸರು ಬರೆದೆ ಎಂದು ಅಜ್ಜಿ ಕೇಳಿದರು. ಅಪ್ಪ ಹೇಳಿದರು. ಅಷ್ಟು ದಿನ ನಡೆದದ್ದರಲ್ಲಿ ಅದೊಂದೇ ತಪ್ಪು.

"ಬದುಕಿರೋ ಮಗನ ಹೆಸರು ಕುಣೀ ಕಾಗದದ ಮ್ಯಾಲೆ ಬರದ ಬಂದೇನು?"

"ಅವ್ವಾ, ಅದು ಬರೇ ಕಾಗದ. ನನ್ನ ಹತ್ರ ಅಂಥಾ ಕಾಗದ ಭಾಳ ಅದಾವ."

"ಹರದ ಹಾಕು. ನನ್ನ ಮಲಗಿಸೇ ಮಣ್ಣ ಮಾಡ್ರಿ."

ಅಜ್ಜಿ ಗೋಡೆಯ ಕಡೆ ಕುರ್ಚಿ ತಿರುಗಿಸಿಕೊಂಡರು. ಅದು ಸುಲಭವಾಗಿ ತಿರುಗುವ ಕುರ್ಚಿ. ಆ ಸಂಜೆ ಗಂಜಿ ಕುಡಿಯಲಿಲ್ಲ, ಮರುದಿನ ಬೆಳಿಗ್ಗೆಯೂ ಇಲ್ಲ. ದಿನಚರಿಯ ಊಟದ ಕಾಲಮ್ಮಿನಲ್ಲಿ ನಾನು ಗೆರೆ ಎಳೆದೆ. ಅಪ್ಪ ಬಾಗಿಲ ಹತ್ತಿರ ನಿಂತು ಬಟ್ಟಲು ಹಿಡಿದುಕೊಂಡೇ ಇದ್ದರು. ನನ್ನ ಹೆಸರು ಬರೆಯಲೇ ಎಂದು ನಾನು ಕೇಳಿದ್ದಕ್ಕೆ ಅಜ್ಜಿ ನನ್ನ ಕಡೆ ನೋಡಿದ ರೀತಿಯನ್ನು ಇಲ್ಲಿ ವಿವರಿಸುವುದಿಲ್ಲ. ಅಮ್ಮ ಡೇಕೇರಿನಿಂದ ಬಂದು ನನ್ನನ್ನು ಅಡುಗೆಮನೆಗೆ ಕರೆದು, "ನೀನು ಬರೀ ಲೆಕ್ಕ ಬರ್ಕೋ, ಸಲಹೆ ಕೊಡ್ಬೇಡ" ಎಂದರು. ಗೋಡೆಯ ಕಡೆ ಕೂತಿದ್ದ ಅಜ್ಜಿಯ ಬೆನ್ನು ಮೊದಲಿಗಿಂತ ಎಷ್ಟು ಸಣ್ಣದಾಗಿದೆಯೆಂದು ಅವತ್ತು ನೋಡಿದೆ. ಮಲಗಿಸಿ ಎಂದವರು ಮಲಗಲು ಮಾತ್ರ ಒಪ್ಪಿರಲಿಲ್ಲ.

ಆ ಮರುದಿನದ ಸಂಜೆ ಅಜ್ಜಿ ಕುರ್ಚಿ ಈ ಕಡೆ ತಿರುಗಿಸಿದರು.

"ನಿಮ್ಮಪ್ಪನ ಹೆಸರ ಬರಸು" ಎಂದರು ಅಪ್ಪನಿಗೆ.

"ಅವರಿಗೆ ಹೊಲದಾಗ ಜಾಗಾ ಐತೆಲ್ಲವ್ವಾ."

"ಇರಲಿ. ಜೀಂವ ಇರೂತನಕ ಬರ್ತೀನಿ ಬರ್ತೀನಿ ಅಂತಂದು ನನ್ನ ಕೂಡ ಒಂದ ಊರಿಗೂ ಬರಲಿಲ್ಲ. ಇಲ್ಲಿಗೂ ಬರೂದಿಲ್ಲ. ನಿಶ್ಚಿಂತಿಲೆ ಬರಸು."

ಆಮೇಲೆ ಗಂಜಿ ಕೇಳಿದರು. ಅರ್ಧ ಬಟ್ಟಲು ಎಂದು ಬರೆದುಕೊಂಡೆ.

ಸೋಮವಾರ ಅಪ್ಪ ಆಫೀಸಿಗೆ ಫೋನ್ ಮಾಡಿ ಹೆಸರು ಬದಲಿಸಿದರು. ಎರಡನೆಯವರು ಬದುಕಿರಬೇಕೆಂದು ಎಲ್ಲೂ ಬರೆದಿರಲಿಲ್ಲ, ಆ ಹೆಂಗಸೂ ಕೇಳಲಿಲ್ಲ. ವಿಳಾಸ ಮಾತ್ರ ಕೇಳಿದರು. ಅಪ್ಪ ಜಿಲ್ಲೆ, ತಾಲೂಕು, ಊರು ಹೇಳಿ ಹೊಲದ ಸರ್ವೆ ನಂಬರನ್ನೂ ಕೊಟ್ಟರು. ಅಜ್ಜ ಇರುವುದು ಅಲ್ಲೇ ಆದ್ದರಿಂದ ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ವಿಳಾಸವನ್ನು ಪತ್ರವ್ಯವಹಾರಕ್ಕೆಂದು ಬರೆಸಿದರು.

ಪೆಟ್ಟಿಗೆಯನ್ನು ಅಪ್ಪ ಮತ್ತು ಕಾಫಿ ಬಿಟ್ಟು ಎದ್ದಿದ್ದ ಆ ಹುಡುಗ ಸೇರಿ ಗರಾಜಿನಲ್ಲಿ ಪ್ಲೈವುಡ್ಡಿನಿಂದ ಮಾಡಿದರು. ಇಬ್ಬರಿಗೂ ಹಗಲು ಬಿಡುವಿತ್ತು. ನಾನು ಟೇಪು ಹಿಡಿದು ಅಜ್ಜಿಯನ್ನು ಅಳೆದೆ. ಒಂದೆರಡು ಇಂಚು ಹೆಚ್ಚಿಗೆ ಇಡಲೇ ಎಂದು ಕೇಳಿದೆ.

"ಯಾಕವ್ವಾ, ಇನ್ನ ಬೆಳೀತೀನೇನು?" ಎಂದರು.

ಅಜ್ಜಿ ಹೋದದ್ದು ಏಪ್ರಿಲ್ ಇಪ್ಪತ್ತನಾಲ್ಕು, ಮಂಗಳವಾರ ಬೆಳಿಗ್ಗೆ, ಅಪ್ಪ ಗಂಜಿ ಆರಿಸುತ್ತಿದ್ದಾಗ. ನರ್ಸು ಬಂದು ನೋಡಿ ಸಹಿ ಹಾಕಿದರು. ಅಮ್ಮ ಮತ್ತು ನಾನು ಸ್ನಾನ ಮಾಡಿಸಿ, ಮೈ ಸೆಟೆಯುವ ಮೊದಲೇ ಕಾಲು ಮಡಿಸಿ ಗೋಡೆಗೆ ಒರಗಿಸಿ ಕೂರಿಸಿ, ಹಳೆಯ ಇಳಕಲ್ ಸೀರೆಯಿಂದ ಕಟ್ಟಿದೆವು. ಅಪ್ಪ ಹಣೆಗೆ ವಿಭೂತಿ ಹಚ್ಚಿದರು. ದೇಹ ಒಯ್ಯಲು ಬಂದ ವ್ಯಾನಿನವರು ಉದ್ದನೆಯ ಸ್ಟ್ರೆಚರು ತಂದಿದ್ದರು. ಕೂತಿದ್ದ ಅಜ್ಜಿಯನ್ನು ನೋಡಿ ಒಬ್ಬ ಟೋಪಿ ತೆಗೆದ, ಇನ್ನೊಬ್ಬ ಸ್ಟ್ರೆಚರನ್ನು ಮತ್ತೆ ಮಡಿಸಿಟ್ಟ. ಆಫೀಸು ಕುರ್ಚಿಯಲ್ಲಿ ಕೂರಿಸಿ ಗರಾಜಿನ ತನಕ ಅಪ್ಪನೇ ತಳ್ಳಿದರು. ಕಾರ್ಪೆಟ್ ದಾಟುವಾಗ ನಾನೂ ಕೈ ಹಾಕಿದೆ. ಪೆಟ್ಟಿಗೆ ಅಳತೆಗೆ ಸರಿಯಾಗಿತ್ತು.

ಎರಡು ದಿನದ ನಂತರ, ಗುರುವಾರ, ಮಣ್ಣು ಮಾಡಿದೆವು. ಉಪ್ಪನ್ನು ಮಣ್ಣಿನ ಮೇಲೆ ಹಾಕಬೇಡಿ, ಹುಲ್ಲು ಸಾಯುತ್ತದೆ ಎಂದು ಆಫೀಸಿನ ಹೆಂಗಸು ಕೇಳಿಕೊಂಡಿದ್ದರು. ಪೆಟ್ಟಿಗೆಯೊಳಗೇ ಹಾಕಿದೆವು. ಎಲ್ಲ ಸೇರಿ ಖರ್ಚು ಐದು ಸಾವಿರದ ಆರುನೂರ ನಲವತ್ತು ಡಾಲರು. ಅದರ ಕೆಳಗೆ ನಾನು ಎರಡು ಗೆರೆ ಎಳೆದಿದ್ದೇನೆ. ಊಟದ ಕಾಲಮ್ಮಿನಲ್ಲಿ ಅವತ್ತಿನಿಂದ ಏನೂ ಇಲ್ಲ.

ಪ್ರತಿ ಜನವರಿ ಅಜ್ಜನ ಹೆಸರಿಗೆ ಸ್ಮಶಾನದಿಂದ ಕಾಗದ ಬರುತ್ತದೆ. ನಿಮ್ಮ ಯೋಜನೆಯಲ್ಲಿ ಬದಲಾವಣೆ ಇದೆಯೇ, ನಿಮ್ಮ ಹಕ್ಕನ್ನು ವಾಪಸು ಮಾರುವಿರಾ ಎಂದು ವಿಚಾರಿಸುತ್ತಾರೆ. ಮೊದಲ ಸಲ ಅದು ಬಂದಾಗ ಅಪ್ಪನಿಗೆ ಕೆಲಸ ಸಿಕ್ಕಿ ಒಂದು ತಿಂಗಳಾಗಿತ್ತು, ಕಾರಿನ್ನೂ ಕೊಂಡಿರಲಿಲ್ಲ. ಮಾರಿದರೆ ಒಂದು ಸಾವಿರ ಬರುತ್ತಿತ್ತು. ಅಪ್ಪ ಮುಚ್ಚಿಹೋದ ಕಂಪನಿಯ ಆ ಕುರ್ಚಿಯಲ್ಲಿ ಕೂತು ಅದನ್ನು ಎರಡು ಸಲ ಓದಿ, ಬದಲಾವಣೆ ಇಲ್ಲ ಎನ್ನುವ ಚೌಕದಲ್ಲಿ ಗುರುತು ಹಾಕಿದರು.