ಕಚ್ಚೆ ಕಟ್ಟಿ ಸೈಕಲ್ ಹತ್ತಿದ ದೊಡ್ಡಮ್ಮ

ಹೊಸ ಟೈರಿನ ರಬ್ಬರು, ಚೈನಿನ ಗ್ರೀಸು... ಈ ಎರಡು ವಾಸನೆ ಸೇರಿದರೆ ಸಾಕು, ನನಗೆ ಎದುರುಮನೆ ದೊಡ್ಡಮ್ಮ ನೆನಪಾಗುತ್ತಾಳೆ. ಮೊನ್ನೆ ಆನವಟ್ಟಿಯ ಅಂಗಡಿಯಲ್ಲಿ ಅಣ್ಣನ ಮಗಳಿಗೆ ಸೈಕಲ್ ಆರಿಸುತ್ತ ನಿಂತಾಗಲೂ ಹಾಗೇ ಆಯಿತು.

ನಮ್ಮೂರ ಶಾಲೆ ಏಳನೆಯತನಕ ಮಾತ್ರ. ಹೈಸ್ಕೂಲಿಗೆ ಆನವಟ್ಟಿಗೇ ಹೋಗಬೇಕು, ಬಸ್ಸಿಲ್ಲ. ಅಮ್ಮನ ಓದು ಏಳಕ್ಕೇ ನಿಂತಿತ್ತು. ದೊಡ್ಡಮ್ಮನದು ನಾಲ್ಕಕ್ಕೇ. ನನ್ನ ಅದೃಷ್ಟ, ನಾನು ಸೇರುವ ಹೊತ್ತಿಗೆ ಸರ್ಕಾರ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡಲು ಶುರುಮಾಡಿತ್ತು. ನಮ್ಮೂರಿಗೆ ಹುಡುಗಿಯ ಹೆಸರಲ್ಲಿ ಬಂದ ಮೊದಲ ಸೈಕಲ್ ನನ್ನದು.

ವಾರ ಕಳೆಯುವುದರೊಳಗೆ ಅಣ್ಣ ಅದಕ್ಕೆ ಹಾಲಿನ ಕ್ಯಾನು ಕಟ್ಟಿದ. ಡೇರಿಯ ಹೊತ್ತೂ ಸ್ಕೂಲಿನ ಹೊತ್ತೂ ಒಂದೇ. "ಅವಳಿಗೆ ಹೊಡಿಯೋಕೇ ಬರಲ್ಲ, ನಿಲ್ಸಿ ತುಕ್ಕು ಹಿಡಿಸೋದಾ?" ಎಂದರು ಅಪ್ಪ. ಮಾತು ಸುಳ್ಳೇನಲ್ಲ. ನಾನು ಅಷ್ಟು ದೂರ ನಡೆದು ಕಾಲು ಬಾತುಕೊಂಡು ಬರುವುದನ್ನು ನೋಡಿ, ಓದು ಬಿಡಿಸುವ ಮಾತು ಅಮ್ಮನ ಬಾಯಲ್ಲಿ ಆಗಲೇ ಬಂದಿತ್ತು.

ಒಂದು ಸಂಜೆ ದೊಡ್ಡಮ್ಮ ಬಂದವಳೇ ಕ್ಯಾನು ಬಿಚ್ಚಿ ಜಗಲಿ ಮೇಲಿಟ್ಟಳು. "ತಮ್ಮಾ, ಸೈಕಲ್ ಬಂದಿದ್ದು ಹುಡುಗಿಗೆ, ನಿನ್ನ ಎಮ್ಮೆಗಲ್ಲ," ಎಂದು ಅಪ್ಪನಿಗೆ ಹೇಳಿ, ನನ್ನತ್ತ ತಿರುಗಿದಳು. "ನಡಿಯೇ, ನಾ ಕಲಿಸ್ತೀನಿ."

ಅವಳಿಗೇ ಬರುತ್ತಿರಲಿಲ್ಲ! ಗಂಡ ತೀರಿಕೊಂಡ ಮೇಲೆ ತಾನೇ ಎತ್ತಿನಗಾಡಿ ಹೊಡೆದು ಬೇಸಾಯ ಮಾಡಿದವಳು. ಎರಡು ಎತ್ತು ಪಳಗಿಸಿದವಳಿಗೆ ಎರಡು ಚಕ್ರ ಯಾವ ಲೆಕ್ಕ ಎಂಬ ಧೈರ್ಯ. ಕೆರೆ ಏರಿಯ ಮೇಲೆ, ನಾಟಿಗೆ ಇಳಿಯುವವಳ ಹಾಗೆ ಸೀರೆಯನ್ನು ಕಚ್ಚೆ ಕಟ್ಟಿ, "ಮೊದ್ಲು ನಾನು ಬೀಳ್ತೀನಿ, ಆಮೇಲೆ ನೀನು," ಎಂದು ಹತ್ತಿಯೇ ಬಿಟ್ಟಳು. ಇಳಿಜಾರಿನಲ್ಲಿ ಸೈಕಲ್ ಓಟ ಕಿತ್ತಿತು. ದೊಡ್ಡಮ್ಮ ಬ್ರೇಕ್ ಹಿಡಿಯುವುದು ಬಿಟ್ಟು ಹ್ಯಾಂಡಲನ್ನು ಹಿಂದಕ್ಕೆ ಜಗ್ಗುತ್ತ, ಎತ್ತು ನಿಲ್ಲಿಸುವಂತೆ "ಹೋ... ಹೋಹೋ..." ಎಂದು ಕೂಗಿದಳು. ಸೈಕಲ್ ಯಾಕೆ ಕೇಳುತ್ತದೆ? ಸೀದಾ ಗದ್ದೆಯ ಕೆಸರಿಗೆ ಇಳಿಯಿತು.

ಏರಿಯ ಮೇಲಿದ್ದ ಗಂಡಸರು ಹೊಟ್ಟೆ ಹಿಡಿದು ನಕ್ಕರು. "ನಗ್ರೀ ನಗ್ರೀ, ನಾಳೆನೂ ಬರ್ರೀ," ಎನ್ನುತ್ತ ದೊಡ್ಡಮ್ಮ ಎದ್ದಳು. ಅವಳು ಹಾಗೆ ಬಿದ್ದ ಮೇಲೆ ಬೀಳುವುದಕ್ಕೆ ನನಗೆ ನಾಚಿಕೆಯೇ ಉಳಿಯಲಿಲ್ಲ.

ಮೊದಲು ಕಲಿತದ್ದು ನಾನು. ಆಮೇಲೆ ಅವಳಿಗೆ ಬ್ರೇಕ್ ತೋರಿಸಿಕೊಟ್ಟೆ. ಒಂದು ಬೆಳಿಗ್ಗೆ ನನ್ನನ್ನು ಹಿಂದೆ ಕೂರಿಸಿಕೊಂಡು, ಆ ನಕ್ಕ ಗಂಡಸರ ಮುಂದೆಯೇ ಗಂಟೆ ಬಾರಿಸುತ್ತ ಆನವಟ್ಟಿಗೆ ತುಳಿದಳು. ಹೈಸ್ಕೂಲ್ ಗೇಟಿನಲ್ಲಿ ಬ್ರೇಕನ್ನೇನೋ ಹಿಡಿದಳು, ಆದರೂ ಬಾಯಲ್ಲಿ "ಹೋ" ಬಂದೇ ಬಂತು. ಇಳಿದು, ಕಟ್ಟಡವನ್ನು ಕಣ್ತುಂಬ ನೋಡಿ, "ನಾಲ್ಕನೇ ಕ್ಲಾಸಿಂದ ಸೀದಾ ಹೈಸ್ಕೂಲಿಗೇ ಬಂದೆ ನೋಡು!" ಎಂದಳು. ಚುನಾವಣೆ ಗೆದ್ದವರಿಗೂ ಅಷ್ಟು ಗತ್ತು ಇರುವುದಿಲ್ಲ. ಅಂದಿನಿಂದ ಯಾರೂ ನನ್ನ ಸೈಕಲ್ಲಿಗೆ ಕ್ಯಾನು ಕಟ್ಟಲಿಲ್ಲ.

ನಾನೀಗ ಶಿಕಾರಿಪುರದಲ್ಲಿ ದನದ ಡಾಕ್ಟರು. ದೊಡ್ಡಮ್ಮ ಹೋಗಿ ಎರಡು ಮಳೆಗಾಲ ಕಳೆದವು... ಸರ್ಕಾರದ ಸೈಕಲ್ಲೂ ನಿಂತಿದೆ. ಅಣ್ಣನ ಮಗಳು ಈ ಸಲ ಎಂಟಕ್ಕೆ ಅಂದಾಗ ನಾನೇ ಕೊಡಿಸಿದೆ. ಕೊಡಿಸಲು ಅತ್ತೆ ಇಲ್ಲದ ಹುಡುಗಿಯರು ಏನು ಮಾಡಬೇಕು? ಆ ಸಿಟ್ಟು ನನಗಿದ್ದೇ ಇದೆ.

ಅದೇ ಏರಿಯ ಮೇಲೆ ಹುಡುಗಿ ಹತ್ತಿದಳು. ಇಳಿಜಾರು ಬಂತು. ಒಂದು ಕಾಲಕ್ಕೆ ಕ್ಯಾನು ಕಟ್ಟಿದ್ದ ನಮ್ಮಣ್ಣ ಹಿಂದೆ ಓಡುತ್ತ ಕೂಗಿದ: "ಹೋ... ಹೋಹೋ..."

ಮಗಳು ಬ್ರೇಕ್ ಹಿಡಿದು ನಿಂತು, ಯಾಕೆಂದು ತಿಳಿಯದೆ ತಿರುಗಿ ನೋಡಿದಳು. ನಾವಿಬ್ಬರೂ ಕಣ್ಣೊರೆಸಿಕೊಂಡು ನಗುತ್ತಿದ್ದೆವು.