ಸಿಜುಯಿ ಎಂಬ ಊರು

ಕುವೈತಿನ ಅಬು ಹಲೀಫಾದಲ್ಲಿ ನಮ್ಮ ಮೇಲಿನ ಫ್ಲ್ಯಾಟಿನಲ್ಲಿದ್ದ ಸಂಶೋಧಕರು ಆಫ್ರಿಕಾಕ್ಕೆ ಕಾಲಿಡದೆಯೇ ಅಲ್ಲಿನ ಕಾಯಿಲೆಗಳ ಮಹಾಪಂಡಿತರಾಗಿದ್ದರು. ಕೀನ್ಯಾದ ಆಸ್ಪತ್ರೆಗಳ ದಾಖಲೆಗಳೆಲ್ಲ ಅವರ ಲ್ಯಾಪ್‌ಟಾಪಿನಲ್ಲಿದ್ದವು. ಯಾರು ಏನು ಕೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ಡೇಟಾ ಸುಳ್ಳು ಹೇಳಲ್ಲ ರೀ" ಎನ್ನುತ್ತಿದ್ದರು.

ಒಂದು ಸಂಜೆ ಲಿಫ್ಟ್ ಕೆಟ್ಟು ಇಬ್ಬರೂ ಕೆಳಗೇ ಕೂತಿದ್ದೆವು. ಅವರು ಲ್ಯಾಪ್‌ಟಾಪ್ ತೆರೆದು, ರೋಗಿಗಳ ಊರಿನ ಪಟ್ಟಿ ತೋರಿಸಿದರು.

"ನೋಡಿ, ಮಲೇರಿಯಾದ ತವರೇ ಈ ಸಿಜುಯಿ ಅನ್ನೋ ಊರು. ನಾನೇ ಕಂಡುಹಿಡಿದದ್ದು. ಜರ್ನಲ್‌ಗೆ ಪೇಪರ್ ಕಳಿಸಿ ಆಯ್ತು."

ನಮ್ಮ ಕಟ್ಟಡದ ಕಾವಲುಗಾರ ಕೀನ್ಯಾದವನು. ಅವನು ಬಗ್ಗಿ ನೋಡಿ, ನಗು ತಡೆದುಕೊಂಡು ಹರಕು ಹಿಂದಿಯಲ್ಲಿ ಹೇಳಿದ.

"ಸಾರ್, ಸಿಜುಯಿ ಗಾಂವ್ ನಹೀ. ಹಮಾರಾ ಭಾಷಾ ಮೇ ಸಿಜುಯಿ ಮತ್ಲಬ್, ಮಾಲೂಮ್ ನಹೀ."

ರೋಗಿಯನ್ನು ಹೊತ್ತು ತಂದವರು ಊರು ಗೊತ್ತಿಲ್ಲ ಎಂದದ್ದನ್ನು ಯಾವನೋ ಗುಮಾಸ್ತ ಹಾಗೆಯೇ ಬರೆದಿದ್ದ. ನಮ್ಮ ಪಂಡಿತರು ಅದನ್ನು ಊರು ಮಾಡಿ, ಅಲ್ಲಿಗೆ ಮಲೇರಿಯಾವನ್ನೂ ಕಳಿಸಿದ್ದರು.

ಅವರು ಲ್ಯಾಪ್‌ಟಾಪ್ ಮುಚ್ಚಿ ಮೆಟ್ಟಿಲು ಹತ್ತತೊಡಗಿದರು. ನಾನು ಬಿಡಲಿಲ್ಲ.

"ಪೇಪರಲ್ಲಿ ನಮ್ಮ ಕಾವಲುಗಾರನಿಗೊಂದು ಥ್ಯಾಂಕ್ಸ್ ಹಾಕಿ ಸಾರ್. ಅವನ ಹೆಸರೇನು?"

ವರ್ಷಗಟ್ಟಲೆ ದಿನಾ ಅವನಿಂದಲೇ ಬಾಗಿಲು ತೆಗೆಸಿಕೊಂಡು, ಹೊರಟೆ ಎಂಬಂತೆ "ಯಲ್ಲಾ ಭಾಯಿ" ಎನ್ನುತ್ತ ಆಫೀಸಿಗೆ ಹೋಗುತ್ತಿದ್ದವರು, ತಿರುಗಿಯೂ ನೋಡದೆ ಹೇಳಿದರು:

"ಗೊತ್ತಿಲ್ಲ."